ಜಾನ್ಸನ್ ಸೀ-ಹಾರ್ಸ್ 5.5: ಓಡದಿದ್ದರೂ ಕೊಳ್ಳಬಹುದಾದ ಹಳೇ ಔಟ್‌ಬೋರ್ಡ್

ದೋಣಿಯ ಹಿಂಬದಿಗೆ ಸಿಕ್ಕಿಸುವ, 1950ರ ದಶಕದ ಈ 5.5 ಅಶ್ವಶಕ್ತಿಯ ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಮೋಟರ್ ಅಮೆರಿಕದ ಸರೋವರಗಳ ಸುತ್ತಮುತ್ತ ಈಗಲೂ ಸಿಗುತ್ತದೆ, ಬಹಳಷ್ಟು ಸಲ ಓಡದ ಸ್ಥಿತಿಯಲ್ಲಿ. ಹಗ್ಗ ಎಳೆದಾಗ ಎಂಜಿನ್ ಸಲೀಸಾಗಿ ತಿರುಗಬೇಕು, ಎರಡೂ ಸಿಲಿಂಡರಿನ ಕಂಪ್ರೆಷನ್ನಿನಲ್ಲಿ (ಒಳಗೆ ಕಟ್ಟುವ ಒತ್ತಡದಲ್ಲಿ) ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಇಷ್ಟಿದ್ದರೆ ಧೈರ್ಯವಾಗಿ ತನ್ನಿ. ಲೋಹದ ಭಾಗಗಳು ಬಲು ಗಟ್ಟಿ. ಹಾಳಾಗುವುದು ಸಾಮಾನ್ಯವಾಗಿ ಕಿಡಿ ಹುಟ್ಟಿಸುವ ಕಾಯಿಲ್, ರಬ್ಬರ್, ಕಾರ್ಕ್.

ಮೊದಲ ಅನುಮಾನ ಕಾಯಿಲ್ ಮೇಲೆ. ಹೊರಕವಚ ಬಿರುಕು ಬಿಟ್ಟು ತೇವ ಒಳಗೆ ಇಳಿದಿರುತ್ತದೆ. ಕಿಡಿ 6 ಮಿ.ಮೀ. ಅಂತರ ಹಾರದಿದ್ದರೆ ಎರಡೂ ಕಾಯಿಲ್, ಪಾಯಿಂಟ್ (ಕಾಯಿಲಿನ ಕರೆಂಟನ್ನು ಕಡಿಯುವ ಸ್ವಿಚ್), ಅದರ ಜೊತೆಗಿನ ಕಂಡೆನ್ಸರ್ ಒಟ್ಟಿಗೇ ಬದಲಿಸಿ. ಜಾನ್ಸನ್, ಅದರ ಸೋದರ ಬ್ರ್ಯಾಂಡ್ ಎವಿನ್‌ರೂಡ್ ಎರಡರ ಚಿಕ್ಕ ಮೋಟರುಗಳಲ್ಲೂ ಇದೇ ಮ್ಯಾಗ್ನೆಟೊ (ಬ್ಯಾಟರಿ ಇಲ್ಲದೆ ಕಿಡಿ ಕೊಡುವ ವ್ಯವಸ್ಥೆ) ಇದ್ದುದರಿಂದ, ಎರಡರ ತಯಾರಕ ಕಂಪನಿ ಒಎಂಸಿ 2000ದಲ್ಲಿ ದಿವಾಳಿಯಾದರೂ ಬಿಡಿಭಾಗಕ್ಕೆ ಬರವಿಲ್ಲ. ಮೈಸೂರಿನ ಯೆಜ್ಡಿ ರಿಪೇರಿ ಮಾಡಿದ ಕೈಗೆ ಪಾಯಿಂಟ್ ಕೆಲಸ ಹೊಸದೇನಲ್ಲ.

ಕಾಯಿಲ್, ಪಾಯಿಂಟ್ ಇರುವುದು ಎಂಜಿನ್ ಮೇಲಿನ ಭಾರದ ಚಕ್ರವಾದ ಫ್ಲೈವೀಲಿನ ಕೆಳಗೆ. ಅದನ್ನು ತೆಗೆಯಲು ಅದರ ಮೇಲಿರುವ ಮೂರು ಥ್ರೆಡ್ ಇರುವ ತೂತುಗಳಿಗೆ ಬೋಲ್ಟ್ ಹಾಕಿ ಎಳೆಯುವ ಸಾಧನ, ಅಂದರೆ ಪುಲ್ಲರ್ ಬೇಕು. ಅಂಚು ಹಿಡಿದು ಎಳೆಯುವ ಪುಲ್ಲರ್ ಬಳಸಿದರೆ ಫ್ಲೈವೀಲ್ ಸೊಟ್ಟಗಾಗುತ್ತದೆ. ಕಾಯಿಲಿನ ಕಾಲುಗಳು ತಳದ ಪ್ಲೇಟಿನ ಉಬ್ಬುಗಳ ಹೊರ ಅಂಚಿಗೆ ಸರಿಸಮ ಕೂರಬೇಕು. ಹೊರಗೆ ಚಾಚಿದರೆ ಆಯಸ್ಕಾಂತಕ್ಕೆ ಉಜ್ಜುತ್ತವೆ. ಪಾಯಿಂಟ್ ಪೂರ್ತಿ ತೆರೆದಾಗ ಅಂತರ 0.020 ಇಂಚು. ಹೊಸ ಪಾಯಿಂಟಿನ ಮೇಲೂ ತೆಳುವಾಗಿ ಎಣ್ಣೆ ಇರುತ್ತದೆ, ಒರೆಸದಿದ್ದರೆ ಕಿಡಿ ಬರುವುದೇ ಇಲ್ಲ. ಫ್ಲೈವೀಲಿನ ನಟ್ಟನ್ನು ಟಾರ್ಕ್ ರೆಂಚಿನಲ್ಲಿ (ಬಿಗಿತ ಅಳೆಯುವ ಸ್ಪ್ಯಾನರಿನಲ್ಲಿ) 40–45 ಅಡಿ-ಪೌಂಡಿಗೆ ಬಿಗಿ ಮಾಡಿ. ಸಡಿಲ ಬಿಟ್ಟರೆ ಫ್ಲೈವೀಲನ್ನು ಶಾಫ್ಟಿಗೆ ಹಿಡಿದಿಡುವ ಕೀಲಿ ತುಂಡಾಗಿ ಕಿಡಿಯ ಟೈಮಿಂಗ್ ತಪ್ಪುತ್ತದೆ. ಪ್ಲಗ್ ಚಾಂಪಿಯನ್ ಜೆ6ಸಿ, ಅಂತರ 0.030 ಇಂಚು.

ಕಾರ್ಬ್ಯುರೇಟರಿನಲ್ಲಿ ಪೆಟ್ರೋಲಿನ ಮಟ್ಟ ಕಾಯುವ ಕಾರ್ಕ್ ಫ್ಲೋಟ್ ಇಟ್ಟುಕೊಳ್ಳಬೇಡಿ. ಎಥನಾಲ್ ಬೆರೆತ ಪೆಟ್ರೋಲಿಗೆ ಅದರ ಹಳೇ ಲೇಪನ ಕರಗಿ, ಕಾರ್ಕ್ ನೆನೆದು ಮುಳುಗುತ್ತದೆ, ಪೆಟ್ರೋಲ್ ಮಿತಿಮೀರಿ ನುಗ್ಗಿ ಎಂಜಿನ್ ಫ್ಲಡ್ ಆಗುತ್ತದೆ. ಪೆಟ್ರೋಲಿಗೆ ಬೆರೆಸುವ ಎಣ್ಣೆಯ ಪ್ರಮಾಣ 24:1, ಅಂದರೆ ಲೀಟರಿಗೆ ಸುಮಾರು 42 ಮಿ.ಲೀ. ಟಿಸಿ-ಡಬ್ಲ್ಯು3 ದರ್ಜೆಯ ಔಟ್‌ಬೋರ್ಡ್ ಎಣ್ಣೆ. ಈಗಿನ ಮೋಟರುಗಳ 50:1 ಇಲ್ಲಿ ನಡೆಯದು, ಬೇರಿಂಗ್ ಸವೆಯುತ್ತದೆ.

ನಮ್ಮ ದೊಡ್ಡ ತಕರಾರು ಎರಡು ಪೈಪಿನ ಟ್ಯಾಂಕಿನದು. ಈ ಮಾದರಿಯಲ್ಲಿ ಫ್ಯೂಯಲ್ ಪಂಪ್ ಇಲ್ಲ. ಕ್ರ್ಯಾಂಕ್‌ಕೇಸಿನ (ಕ್ರ್ಯಾಂಕ್ ಶಾಫ್ಟ್ ಇರುವ ಕೋಣೆಯ) ಗಾಳಿಯೇ ಒಂದು ಪೈಪಿನಲ್ಲಿ ಹೋಗಿ ಟ್ಯಾಂಕಿನಲ್ಲಿ ಒತ್ತಡ ಕಟ್ಟಿ, ಇನ್ನೊಂದರಲ್ಲಿ ಪೆಟ್ರೋಲನ್ನು ಮೇಲಕ್ಕೆ ದಬ್ಬುತ್ತದೆ. ಮುಚ್ಚಳದ ಗ್ಯಾಸ್ಕೆಟ್ ಸೋರಿದರೆ ಸ್ವಲ್ಪ ದೂರ ಹೋಗಿ ಮೋಟರ್ ನಿಲ್ಲುತ್ತದೆ. ಮುಚ್ಚಳ ತೆರೆಯುವ ಮುಂಚೆ ಒತ್ತಡ ಬಿಡಲೇಬೇಕು, ಇಲ್ಲವಾದರೆ ಪೆಟ್ರೋಲ್ ಮೈಮೇಲೆ ಚಿಮ್ಮುತ್ತದೆ. ಹೊಸ ಪೈಪು, ಗ್ಯಾಸ್ಕೆಟ್ ಹಾಕಿ ಇದನ್ನೇ ಉಳಿಸಿಕೊಂಡರೆ ಮೋಟರಿನ ಮೂಲರೂಪ ಉಳಿಯುತ್ತದೆ. ದಿನಬಳಕೆಗಾದರೆ ಫ್ಯೂಯಲ್ ಪಂಪ್ ಕೂರಿಸಿ ಒಂದೇ ಪೈಪಿನ ಟ್ಯಾಂಕಿಗೆ ಬದಲಾಯಿಸುವುದೇ ಲೇಸು.

ಎಂಜಿನ್ ತಂಪಾಗಿಡುವ ನೀರಿನ ಪಂಪಿನ ಇಂಪೆಲ್ಲರ್ (ನೀರು ತಳ್ಳುವ ರಬ್ಬರ್ ಚಕ್ರ) ನೋಡಲು ಚೆನ್ನಾಗಿದ್ದರೂ ಬದಲಿಸಿ. ಪರೀಕ್ಷೆಗೆ ಮೋಟರನ್ನು ಡ್ರಮ್ಮಿಗೆ ಇಳಿಸಿ, ಪಂಪಿನ ಮಟ್ಟಕ್ಕಿಂತ ಮೇಲೆ ನೀರು ತುಂಬಿಯೇ ಸ್ಟಾರ್ಟ್ ಮಾಡಿ. ಇದರಲ್ಲಿ ತಂಪು ನೀರು ಚಿಮ್ಮುವ ಬೇರೆ ತೂತಿಲ್ಲ. ಮೋಟರಿನ ಕಾಲಿನ (ಕೆಳಗಿಳಿಯುವ ಉದ್ದ ಭಾಗದ) ಹಿಂಬದಿಯ ತೂತುಗಳಿಂದ ಹೊಗೆಯ ಜೊತೆ ಹನಿ ಬರುತ್ತಿದೆಯೇ ನೋಡಿಕೊಳ್ಳಿ.

ಕೊಳ್ಳುವಾಗ ಗೇರ್‌ಕೇಸಿನ (ತಳದಲ್ಲಿ ಪ್ರೊಪೆಲ್ಲರ್ ತಿರುಗಿಸುವ ಗೇರುಗಳ ಪೆಟ್ಟಿಗೆಯ) ಕೆಳಗಿನ ಸ್ಕ್ರೂ ಬಿಚ್ಚಿಸಿ. ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ಸೀಲ್ ಹೋಗಿದೆ, ಅದು ರಿಪೇರಿಗೆ ಬಗ್ಗುತ್ತದೆ. ಒಳಗೆ ನಿಂತ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಕೇಸೇ ಸೀಳಿದ್ದರೆ ಎಷ್ಟೇ ಅಗ್ಗವಾದರೂ ಬೇಡ.