ಹಳೆಯ ಜೀನಿಗೆ ಎಣ್ಣೆ, ಮೇಣ, ಕ್ಲೂಸೆಲ್: ಪುಣೆ–ಮುಂಬೈ ಹವೆಗೆ ಯಾವುದು?

ಪುಣೆಯ ಜುನಾ ಬಜಾರಿನಲ್ಲೋ ಮುಂಬೈಯ ಚೋರ್ ಬಜಾರಿನಲ್ಲೋ ಅಶ್ವದಳದ ಜೀನು, ಲಗಾಮು, ಬ್ಯಾಂಡೋಲಿಯರ್ (ಗುಂಡುಗಳನ್ನಿಡುವ ಭುಜಪಟ್ಟಿ) ಸಿಕ್ಕರೆ ತಕ್ಷಣ ಏನನ್ನೂ ಹಚ್ಚಬೇಡಿ. ಬಿಳಿ ಹತ್ತಿ ಬಟ್ಟೆಯಿಂದ ಮೆಲ್ಲಗೆ ಒರೆಸಿ ನೋಡಿ. ಇಟ್ಟಿಗೆ ಬಣ್ಣದ ಪುಡಿ ಅಂಟಿದರೆ ಅದು ರೆಡ್ ರಾಟ್: ಮರದ ತೊಗಟೆಯಿಂದ ಹದ ಮಾಡಿದ ಚರ್ಮದ ನಾರನ್ನು ಆಮ್ಲ ತಿಂದುಹಾಕಿದೆ, ಅದು ಹಿಂದಿರುಗಿ ಬಾರದು. ಇಂಥ ಚರ್ಮಕ್ಕೆ ನೀರು ತಾಗಿದರೆ ಕಪ್ಪಾಗಿ ಬಿರುಸಾಗುತ್ತದೆ. ಆದ್ದರಿಂದ ನೀರು ಬೆರೆಸಿ ಜೀನು ತೊಳೆಯುವ ಸ್ಯಾಡಲ್ ಸೋಪ್ ಬೇಡವೇ ಬೇಡ.

ಎಣ್ಣೆ, ಮೇಣ, ಕ್ಲೂಸೆಲ್ (ಸೆಲ್ಯುಲೋಸಿನಿಂದ ಮಾಡಿದ, ಸಡಿಲ ನಾರನ್ನು ಹಿಡಿದಿಡುವ ವಸ್ತು) ಇವನ್ನು ಒಂದೇ ಲಗಾಮಿನ ಪಟ್ಟಿಯ ಬೇರೆಬೇರೆ ಭಾಗಕ್ಕೆ ಹಚ್ಚಿ, ಒಂದು ಮಳೆಗಾಲ ದಾಟಿಸಿ ನೋಡಿದಾಗ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.

ನೀಟ್ಸ್‌ಫುಟ್ ಎಣ್ಣೆ ದನದ ಕಾಲಿನ ಮೂಳೆ, ಪಾದಗಳಿಂದ (ಗೊರಸಿನಿಂದಲ್ಲ) ಬರುವಂಥದು. ಪುಡಿ ಬಿಡದ, ಬರೀ ಬಿರುಸಾದ ಪಟ್ಟಿಯನ್ನು ಬಾಗಿಸಲು ಇದರಷ್ಟು ಒಳ್ಳೆಯದು ಬೇರೆ ಸಿಗಲಿಲ್ಲ. ಒರಟು ಮಗ್ಗುಲಿಗೆ, ಬಟ್ಟೆಯಲ್ಲಿ ಕೆಲವೇ ಹನಿ. 24 ಗಂಟೆ ಬಿಟ್ಟು ಬೇಕಾದರಷ್ಟೇ ಇನ್ನೊಮ್ಮೆ. ಹೆಚ್ಚಾದರೆ ಬಣ್ಣ ಗಾಢವಾಗುತ್ತದೆ, ರಿಕಾಪಿನ (ಸವಾರ ಕಾಲಿಡುವ ಬಳೆಯ) ಪಟ್ಟಿ ಜಗ್ಗುತ್ತದೆ, ಧೂಳು ಕೂರುತ್ತದೆ. ಹಿತ್ತಾಳೆ ರಿವೆಟ್, ಬಕಲ್‌ಗಳ ಸುತ್ತ ಕೊಬ್ಬಿನ ಆಮ್ಲ ತಾಮ್ರದೊಂದಿಗೆ ಸೇರಿ ಹಸಿರು ಮೇಣದಂಥ ಕಿಲುಬು ಹುಟ್ಟುತ್ತದೆ. ಅದನ್ನು ಬಿದಿರಿನ ಕಡ್ಡಿಯಿಂದ ತೆಗೆಯಬೇಕು, ಉಕ್ಕಿನ ಮೊನೆಯಿಂದಲ್ಲ.

ಕೊಬ್ಬರಿ ಎಣ್ಣೆ ಮನೆಯಲ್ಲಿದೆಯೆಂದು ಕೈ ಹಾಕುವವರು ಬಹಳ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಪುಣೆಯ ಡಿಸೆಂಬರ್ ರಾತ್ರಿಗಳಲ್ಲಿ ಚರ್ಮದ ಮೇಲೆ ಬಿಳಿ ಪೊರೆ ಖಚಿತ. ಬೂಟು ಪಾಲಿಷ್ ಇನ್ನೂ ಕೆಟ್ಟದ್ದು, ಅದರ ಬಣ್ಣ ಅಗಲಬಾಣದ ಮುದ್ರೆ (ಬ್ರಿಟಿಷ್ ಸರ್ಕಾರದ ಸ್ವತ್ತೆಂಬ ಬಾಣದ ಗುರುತು), ಇಸವಿ, ತಯಾರಕರ ಗುರುತುಗಳನ್ನು ಮುಚ್ಚಿಬಿಡುತ್ತದೆ. ಸಂಗ್ರಾಹಕನಿಗೆ ಬೇಕಾದದ್ದೇ ಆ ಗುರುತು.

ರೆಡ್ ರಾಟ್‌ಗೆ ಕ್ಲೂಸೆಲ್ ಜಿ ಒಂದೇ ಸರಿ ಅನಿಸಿದೆ. 100 ಮಿಲಿ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ 2 ಗ್ರಾಂ ಪುಡಿಯನ್ನು ಕಲಕುತ್ತಾ ಉದುರಿಸಿ. ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ. ಮುಚ್ಚಿ ರಾತ್ರಿಯಿಡೀ ಬಿಟ್ಟರೆ ತಿಳಿಯಾಗುತ್ತದೆ. ಮೃದು ಬ್ರಷ್‌ನಿಂದ ಸಡಿಲ ಪುಡಿ ಕೊಡವಿ, ತೆಳುವಾಗಿ ಬಳಿದು, ಪೂರ್ತಿ ಒಣಗಿದ ಮೇಲೆ ಎರಡನೇ ಸಲ. ಬಣ್ಣ ತುಸು ಗಾಢವಾಗಬಹುದು. ಮೊದಲು ಜೀನಿನ ಅಡಿಯಲ್ಲಿ ಬಳಿದು ನೋಡಿ. ಕಿಟಕಿ ತೆರೆದಿರಲಿ, ಒಲೆ ಆರಿರಲಿ. ಪುಡಿ ನಿಲ್ಲುತ್ತದೆ, ಶಕ್ತಿ ಮರಳುವುದಿಲ್ಲ; ಇಂಥ ಜೀನಿನ ಮೇಲೆ ಯಾರೂ ಕೂರಬಾರದು.

ಇದರ ಮೇಲೆ ರೆನೆಸಾನ್ಸ್ ಮೇಣ (ವಸ್ತುಸಂಗ್ರಹಾಲಯಗಳಲ್ಲಿ ಬಳಸುವ ಹೊಳಪಿನ ಮೇಣ), ಬೆರಳಿನ ತುದಿಯಷ್ಟು. ಅದು ಒಳಗಿಳಿಯುವುದಿಲ್ಲ, ಮೃದುವೂ ಮಾಡುವುದಿಲ್ಲ. ಆದರೆ ಅಂಟಿಲ್ಲದೆ ಧೂಳು ತಡೆಯುತ್ತದೆ. ಉಕ್ಕಿನ ಬಕಲ್, ರಿಕಾಪು, ಬ್ರಿಟಿಷ್ ಸೇನೆಯ 1912ರ ಯೂನಿವರ್ಸಲ್ ಪ್ಯಾಟರ್ನ್ ಜೀನಿನ ಉಕ್ಕಿನ ಕಮಾನುಗಳಿಗೂ ಅದೇ ಸಾಕು.

ಯಾವುದನ್ನು ಹಚ್ಚಿದರೂ ತೇವಾಂಶ ಶೇ. 65 ದಾಟಿದರೆ ಬೂಷ್ಟು ಬರುತ್ತದೆ, ಕೊಂಕಣದ ಕಡೆ ಜುಲೈಯಲ್ಲಿ ಅದು ದಾಟಿಯೇ ಇರುತ್ತದೆ. ಪ್ಲಾಸ್ಟಿಕ್ ಸುತ್ತಬೇಡಿ, ಗೋಡೆಗೆ ಒತ್ತಿಡಬೇಡಿ. ಜೀನನ್ನು ಪಟ್ಟಿಗಳಿಂದ ನೇತುಹಾಕದೆ, ಒಗೆದ ಹತ್ತಿ ಬಟ್ಟೆ ತುಂಬಿದ ದಿಂಬಿನ ಮೇಲೆ ಕೂರಿಸಿ.