ಎರಡು ದಿನದ ಟ್ರೇನರ್ ತರಬೇತಿ: ಒಂದು ವೈರಿನ ಗಂಟಿಗಾಗಿ 3 ಸ್ಟಾರ್

ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಸ ಹುಡುಗಿಯರಿಗೆ ಹೊಲಿಗೆ ಕಲಿಸುತ್ತೇನೆ. ಹೆಲ್ಪರ್ ಆಗಿ ಸೇರಿ, ದಾರ ಕತ್ತರಿಸಿ, ಆಮೇಲೆ ಮೆಷಿನ್ ಮೇಲೆ ಕೂತು, 16 ವರ್ಷ ಕೆಲಸ ಮಾಡಿ ಈ ಜಾಗಕ್ಕೆ ಬಂದೆ. ಹೊಲಿಯೋದು ಗೊತ್ತಿತ್ತು. ಕಲಿಸೋದು ಹೇಗೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಸೂಪರ್‌ವೈಸರ್ ಬೈದು ಕಲಿಸಿದರು, ನಾನು ಸ್ವಲ್ಪ ಕಡಿಮೆ ಬೈದು ಕಲಿಸುತ್ತಿದ್ದೆ. ಅಷ್ಟೇ ವ್ಯತ್ಯಾಸ.

ಮೂರು ತಿಂಗಳ ಹಿಂದೆ ಕಂಪನಿಯವರು ನನ್ನನ್ನು ಎರಡು ದಿನದ ತರಬೇತಿಗೆ ಕಳಿಸಿದರು. ತರಬೇತಿ ಕೊಡುವವರಿಗೇ ತರಬೇತಿ. ಯಶವಂತಪುರದ ಹತ್ತಿರ ಒಂದು ಹಾಲ್, ತಲೆಗೆ 3,500 ರೂಪಾಯಿ, ಊಟ ತಿಂಡಿ ಸೇರಿ. ನಡೆಸಿದವರ ಹೆಸರು ಬರೆಯುವುದಿಲ್ಲ. ಆದರೆ ಇಂಥ ತರಬೇತಿಗಳು ಈಗ ಬೇಕಾದಷ್ಟು ಇವೆ, ದುಡ್ಡು ಕಟ್ಟುವ ಮೊದಲು ಏನು ಕೇಳಬೇಕು ಅಂತ ಗೊತ್ತಿದ್ದರೆ ಒಳ್ಳೆಯದು ಅಲ್ವಾ?

ಮೊದಲ ದಿನ ಪೂರ್ತಿ ಸ್ಲೈಡ್. ಕನ್ನಡದಲ್ಲೇ ಇರುತ್ತದೆ ಅಂತ ಫೋನಿನಲ್ಲಿ ಹೇಳಿದ್ದರು. ಮಾತು ಕನ್ನಡ, ಪರದೆ ಇಂಗ್ಲಿಷ್. ಮನುಷ್ಯನ ತಲೆ ಒಂದು ಸಲಕ್ಕೆ ಏಳು ವಿಷಯ, ಎರಡು ಹೆಚ್ಚು ಕಡಿಮೆ, ಅಷ್ಟೇ ಹಿಡಿದುಕೊಳ್ಳುತ್ತದೆ ಅಂತ ಜಾರ್ಜ್ ಮಿಲ್ಲರ್ ಅನ್ನುವವರು 1956ರಲ್ಲೇ ಬರೆದಿದ್ದರಂತೆ. ಆ ಮಾತು ಇದ್ದ ಸ್ಲೈಡಿನಲ್ಲಿ 14 ಸಾಲು ಇತ್ತು. ನಾನು ಎಣಿಸಿದೆ.

ಊಟ ಆದ ಮೇಲೆ ಮರೆವಿನ ಪಾಠ. ಎಬ್ಬಿಂಗ್‌ಹೌಸ್ ಅನ್ನುವ ಜರ್ಮನ್ ಮನುಷ್ಯ ಅರ್ಥವೇ ಇಲ್ಲದ ಅಕ್ಷರದ ತುಣುಕುಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತೇನೆ ಅಂತ ಲೆಕ್ಕ ಇಟ್ಟಿದ್ದ. 1885ರಲ್ಲಿ ಅದನ್ನು ಪ್ರಕಟಿಸಿದ. ಕಲಿತ ಮೊದಲ ಕೆಲವು ಗಂಟೆಗಳಲ್ಲೇ ಜಾಸ್ತಿ ಮರೆಯುತ್ತೇವೆ, ಅದಕ್ಕೆ ಬಿಟ್ಟು ಬಿಟ್ಟು ನೆನಪಿಸಬೇಕು ಅಂತ ಹೇಳಿದರು. ಬಂಗಾರದಂಥ ಮಾತು. ಮಾರನೆ ದಿನ ಬೆಳಿಗ್ಗೆ ಯಾರಾದರೂ ನಮ್ಮನ್ನು ನಿನ್ನೆಯದರ ಬಗ್ಗೆ ಒಂದು ಪ್ರಶ್ನೆ ಕೇಳಿದರಾ? ಇಲ್ಲ. ನೇರವಾಗಿ ಮುಂದಿನ ಸ್ಲೈಡ್. ಪಕ್ಕದಲ್ಲಿದ್ದ ಆಸ್ಪತ್ರೆ ಹೌಸ್‌ಕೀಪಿಂಗಿನ ಮೇಡಂ ನನ್ನ ಪುಸ್ತಕ ನೋಡಿ ನಿನ್ನೆಯದನ್ನು ಬರೆದುಕೊಂಡರು.

ದುಡ್ಡು ವಾಪಸ್ ಕೇಳಬೇಕು ಅನ್ನಿಸುವಷ್ಟರಲ್ಲಿ ಎರಡನೇ ದಿನ ಹತ್ತೂವರೆಗೆ ಒಬ್ಬರು ವಯಸ್ಸಾದ ಸರ್ ಬಂದರು. ಹಿಂದೆ ಯಾವುದೋ ಬಿಡಿಭಾಗದ ಫ್ಯಾಕ್ಟರಿಯಲ್ಲಿ ಇದ್ದವರು. ಲ್ಯಾಪ್‌ಟಾಪ್ ತರಲಿಲ್ಲ. ಜೇಬಿನಿಂದ ಒಂದು ಮೊಳ ವೈರು ತೆಗೆದರು, ಎರಡು ಎಳೆ ಹೊಸೆದಿರುತ್ತದಲ್ಲ, ಹಳೇ ಕಾಲದ ಬಲ್ಬಿನ ವೈರು, ಅದು. ನನ್ನನ್ನೇ ಮುಂದೆ ಕರೆದರು.

ವೈರು ನನ್ನ ಕೈಗೆ ಕೊಡದೆ ಬರೀ ಬಾಯಲ್ಲಿ ಹೇಳಿದರು. ತುದಿ ಬಿಡಿಸು, ಬಲಗಡೆ ಎಳೆಯನ್ನು ಕುಣಿಕೆ ಮಾಡಿ ಮುಂದಿನಿಂದ ತಾ, ಎಡಗಡೆಯದನ್ನು ಹಿಂದಿನಿಂದ ಸುತ್ತಿ ಬಲಗಡೆ ಕುಣಿಕೆಯೊಳಗೆ ತೂರಿಸು. ‘ಗೊತ್ತಾಯ್ತಾ?’ ಅಂದರು. ನಾನು ತಲೆ ಆಡಿಸಿದೆ. ‘ಸರಿ, ಕಟ್ಟಮ್ಮ.’ ವೈರು ಕೈಗೆ ಬಂತು, ತಲೆಯಲ್ಲಿ ಏನೂ ಇಲ್ಲ. ಆಮೇಲೆ ಎದುರಿಗೆ ನಿಂತು, ಒಂದೂ ಮಾತಾಡದೆ, ಸರಸರ ಕಟ್ಟಿ ತೋರಿಸಿದರು. ಎದುರಿಗೆ ನಿಂತಿದ್ದರಿಂದ ಅವರ ಬಲ ನನಗೆ ಎಡ. ಮತ್ತೆ ಆಗಲಿಲ್ಲ. 24 ಜನ ನೋಡುತ್ತಿದ್ದಾರೆ, ಕಿವಿ ಬಿಸಿಯಾಯಿತು. ಹೊಸ ಹುಡುಗಿಯರು ನನ್ನ ಮುಂದೆ ಯಾಕೆ ಸುಮ್ನೆ ತಲೆ ಆಡಿಸುತ್ತಾರೆ ಅಂತ ಆಗ ಗೊತ್ತಾಯಿತು.

ಮೂರನೇ ಸಲ ಸರ್ ನನ್ನ ಪಕ್ಕಕ್ಕೆ ಬಂದು ನಿಂತರು. ಇದು ಯಾಕೆ ಬೇಕು ಅಂತ ಮೊದಲು ಹೇಳಿದರು: ಬಲ್ಬಿನ ವೈರನ್ನು ಯಾರಾದರೂ ಎಳೆದರೆ ಒಳಗಿನ ಸ್ಕ್ರೂ ಮೇಲೆ ಭಾರ ಬೀಳದೆ ಈ ಗಂಟು ತಡೆಯುತ್ತದೆ. ಆಮೇಲೆ ಒಂದೊಂದೇ ಹೆಜ್ಜೆ, ಮಾಡುತ್ತಾ ಹೇಳುತ್ತಾ. ನಂತರ ನನ್ನಿಂದ ಮಾಡಿಸಿದರು. ಮತ್ತೆ ಮಾಡಿಸಿದರು, ಈ ಸಲ ಪ್ರತಿ ಹೆಜ್ಜೆಯಲ್ಲಿ ಯಾವುದು ಮುಖ್ಯ ಅಂತ ನಾನೇ ಬಾಯಿಬಿಟ್ಟು ಹೇಳಬೇಕು. ನಾಲ್ಕು ನಿಮಿಷ. ಗಂಟು ಬಂತು. ಇವತ್ತು ಕಣ್ಣು ಮುಚ್ಚಿ ಕಟ್ಟುತ್ತೇನೆ.

ಇದು ಸರ್ ಕಂಡುಹಿಡಿದ ಆಟ ಅಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, 1940ರಿಂದ 1945ರವರೆಗೆ, ಅಮೆರಿಕದಲ್ಲಿ ಟ್ರೇನಿಂಗ್ ವಿದಿನ್ ಇಂಡಸ್ಟ್ರಿ ಅಂತ ಒಂದು ಸರ್ಕಾರಿ ಕಾರ್ಯಕ್ರಮ ನಡೆಯಿತು. ಗಂಡಸರು ಯುದ್ಧಕ್ಕೆ ಹೋದರು, ಯಾವತ್ತೂ ಫ್ಯಾಕ್ಟರಿ ನೋಡದ ಹೆಂಗಸರು ಮೆಷಿನ್ ಮುಂದೆ ನಿಂತರು. ಅವರಿಗೆ ಬೇಗ ಕಲಿಸಬೇಕಿತ್ತು. ಆಗ ಸೂಪರ್‌ವೈಸರ್‌ಗಳಿಗೆ ಇದೇ ಗಂಟು ಹಿಡಿದು ಪಾಠ ಮಾಡುತ್ತಿದ್ದರು. ಸಿದ್ಧ ಮಾಡು, ತೋರಿಸು, ಮಾಡಿಸು, ಆಮೇಲೂ ಕಣ್ಣಿಟ್ಟಿರು, ಈ ನಾಲ್ಕೇ ಹೆಜ್ಜೆ. ಕೆಲಸಗಾರ ಕಲಿತಿಲ್ಲ ಅಂದರೆ ಕಲಿಸುವವನು ಕಲಿಸಿಲ್ಲ ಅಂತ ಅವರ ಮಾತಂತೆ. ಯುದ್ಧ ಮುಗಿದ ಮೇಲೆ ಇದು ಜಪಾನಿಗೆ ಹೋಯಿತು, ಟೊಯೋಟಾದವರೂ ಹಿಡಿದುಕೊಂಡರು.

ವಾಪಸ್ ಬಂದು ಶರ್ಟಿನ ಪಾಕೆಟ್ ಅಟ್ಯಾಚ್ ಕಲಿಸುವಾಗ ಇದನ್ನೇ ಮಾಡಿದೆ. ಪಾಕೆಟಿನ ಮೂಲೆ ತಿರುಗಿಸುವಾಗ ಸೂಜಿ ಬಟ್ಟೆಯೊಳಗೇ ಇರಬೇಕು, ಮೊಣಕಾಲಿನಿಂದ ಲಿವರ್ ಒತ್ತಿ, ಬಟ್ಟೆ ಅದುಮಿ ಹಿಡಿದಿರುವ ಮೆಷಿನಿನ ಪಾದ ಎತ್ತಬೇಕು, ಬಟ್ಟೆ ತಿರುಗಿಸಬೇಕು. ಸೂಜಿ ಮೇಲಿದ್ದರೆ ಮೂಲೆ ಜಾರಿ ಪೀಸು ಆಲ್ಟರ್‌ಗೆ, ಅಂದರೆ ಸರಿಮಾಡೋದಕ್ಕೆ, ವಾಪಸ್ ಬರುತ್ತದೆ. ಇದನ್ನು ಮೊದಲೂ ಹೇಳುತ್ತಿದ್ದೆ, ಆದರೆ ಹುಡುಗಿಯ ಎದುರಿಗೆ ನಿಂತು, ಹತ್ತು ವಿಷಯದ ಮಧ್ಯೆ. ಈಗ ಪಕ್ಕದಲ್ಲಿ ಕೂರುತ್ತೇನೆ. ‘ಸೂಜಿ ಎಲ್ಲಿದೆ?’ ಅಂತ ಮಾತ್ರ ಕೇಳುತ್ತೇನೆ. ‘ಕೆಳಗೆ ಅಕ್ಕ’ ಅಂತ ಅವಳು ಹೇಳಿದ ಮೇಲೆ ಬಟ್ಟೆ ತಿರುಗುತ್ತದೆ. ಹೊಸಬರ ಆಲ್ಟರ್ ಪೀಸಿನ ಗುಡ್ಡೆ ಸಣ್ಣದಾಗಿದೆ. ಪೂರ್ತಿ ಹೋಗಿಲ್ಲ.

ಮಧ್ಯಾಹ್ನ ಮೋಟಿವೇಶನ್ ಪಾಠ. ಇಲ್ಲಿ ನನಗೆ ಜಗಳ ಇದೆ. 1971ರಲ್ಲಿ ಎಡ್ವರ್ಡ್ ಡೆಸಿ ಅನ್ನುವವರು ಕಾಲೇಜು ಹುಡುಗರಿಗೆ ತುಂಡು ಜೋಡಿಸುವ ಪಝಲ್ ಕೊಟ್ಟು, ಕೆಲವರಿಗೆ ಒಂದೊಂದಕ್ಕೆ ಒಂದು ಡಾಲರ್ ಕೊಟ್ಟರಂತೆ. ದುಡ್ಡು ನಿಂತ ಮೇಲೆ ಅವರಿಗೆ ಬಿಡುವಿನಲ್ಲಿ ಪಝಲ್ ಮುಟ್ಟುವ ಆಸೆ ಇಳಿಯಿತಂತೆ. ಅದಕ್ಕೆ ದುಡ್ಡಿನ ಆಸೆ ತೋರಿಸಬೇಡಿ ಅಂದರು ಕೋಟು ಹಾಕಿದ ಮೇಷ್ಟ್ರು. ಸ್ವಾಮಿ, ಪಝಲ್ ಬೇರೆ, ಪಾಕೆಟ್ ಬೇರೆ. ಬಿಡುವಿನಲ್ಲಿ ಖುಷಿಗೆ ಯಾರೂ ಪಾಕೆಟ್ ಹೊಲಿಯಲ್ಲ. ಅಟೆಂಡೆನ್ಸ್ ಬೋನಸ್‌ನಲ್ಲಿ ಮನೆ ಬಾಡಿಗೆ ಕಟ್ಟುವವರಿಗೆ ಈ ಮಾತು ಹೇಳಿದರೆ ನಗುತ್ತಾರೆ.

ಆದರೆ ಅದೇ ಪಾಠದಲ್ಲಿ ಆಲ್ಬರ್ಟ್ ಬಂಡೂರ ಅನ್ನುವ ಮನಶ್ಶಾಸ್ತ್ರಜ್ಞರ ಮಾತು ಕೆಲಸಕ್ಕೆ ಬಂತು. ತನ್ನಂಥವರೇ ಒಬ್ಬರು ಮಾಡಿದ್ದನ್ನು ಕಂಡರೆ ನನ್ನಿಂದಲೂ ಆಗುತ್ತದೆ ಅನ್ನುವ ನಂಬಿಕೆ ಹುಟ್ಟುತ್ತದೆ. ನಾನು ಸರಾಗವಾಗಿ ಹೊಲಿದು ತೋರಿಸಿದರೆ ‘ಅಕ್ಕನಿಗೆ 16 ವರ್ಷದ ಅನುಭವ ಬಿಡಿ’ ಅನ್ನುತ್ತಾರೆ. ಈಗ ಆರು ತಿಂಗಳ ಹಿಂದೆ ಸೇರಿದ ಕನಕಪುರ ಕಡೆಯ ಹುಡುಗಿಯನ್ನು ಲೈನಿನಿಂದ ಅರ್ಧ ಗಂಟೆ ಎರವಲು ತರುತ್ತೇನೆ. ಅವಳು ಮೊದಲ ವಾರ ಅತ್ತಿದ್ದನ್ನೂ ಹೇಳುತ್ತಾಳೆ. ಪ್ರೊಡಕ್ಷನ್ ಮ್ಯಾನೇಜರ್ ಗೊಣಗುತ್ತಾರೆ, ಗೊಣಗಲಿ.

ಕೊನೆಗೆ ಫೀಡ್‌ಬ್ಯಾಕ್ ಫಾರಂ. ಅದಕ್ಕೆ ಹತ್ತು ನಿಮಿಷ ಮೊದಲಷ್ಟೇ ತರಬೇತಿ ಎಷ್ಟು ಕೆಲಸಕ್ಕೆ ಬಂತು ಅಂತ ಅಳೆಯುವ ಕಿರ್ಕ್‌ಪ್ಯಾಟ್ರಿಕ್ ಅನ್ನುವವರ ನಾಲ್ಕು ಮಟ್ಟ ಹೇಳಿಕೊಟ್ಟಿದ್ದರು: ಇಷ್ಟವಾಯಿತಾ, ಕಲಿತರಾ, ಕೆಲಸದಲ್ಲಿ ಮಾಡುತ್ತಿದ್ದಾರಾ, ಕಂಪನಿಗೆ ಫಲ ಸಿಕ್ಕಿತಾ. ಫಾರಂನಲ್ಲಿ ಇದ್ದದ್ದು ಐದು ನಗುಮುಖ ಮಾತ್ರ, ಊಟಕ್ಕೂ ಸೇರಿಸಿ. ಊಟ ಚೆನ್ನಾಗಿತ್ತು, ಅದಕ್ಕೆ ಪೂರ್ತಿ ನಗುವ ಮುಖಕ್ಕೇ ಟಿಕ್ ಹಾಕಿದೆ. ಒಂದು ತಿಂಗಳಿಗೆ ಫೋನ್ ಮಾಡಿ ವಿಚಾರಿಸುತ್ತೇವೆ ಅಂದಿದ್ದರು. ಮೂರು ತಿಂಗಳಾಯಿತು. ಆಮೇಲೂ ಕಣ್ಣಿಟ್ಟಿರು ಅನ್ನುವ ನಾಲ್ಕನೇ ಹೆಜ್ಜೆ ಅವರಿಗೇ ಮರೆತಿದೆ.

ಇಂಥದ್ದಕ್ಕೆ ಸೇರುವವರು ಫೋನಿನಲ್ಲೇ ಎರಡು ವಿಷಯ ಕೇಳಿ: ಸ್ಲೈಡ್ ಯಾವ ಭಾಷೆಯಲ್ಲಿದೆ, ನಮ್ಮ ಕೈಯಲ್ಲಿ ಏನು ಮಾಡಿಸುತ್ತೀರಿ. ನಮ್ಮ ಇನ್ನೊಬ್ಬ ಟ್ರೇನರನ್ನು ಮುಂದಿನ ಬ್ಯಾಚಿಗೆ ಕಳಿಸುವಾಗ ನಾನು ಮೂರನೆಯದನ್ನೂ ಕೇಳಿದೆ. ವೈರಿನ ಸರ್ ಬರುತ್ತಾರಾ ಅಂತ. ಬರುತ್ತಾರಂತೆ, ಎರಡನೇ ದಿನ ಹತ್ತೂವರೆಗೆ.