18, 17, 16: ಒಂದೇ ಎಸ್‌ಯುವಿಗೆ ಹಾಕಿ ನೋಡಿದ ಮೂರು ಬಗೆಯ ಚಕ್ರಗಳು

ಕೆಸರು, ಮರಳು, ಬಂಡೆಗಳ ಮೇಲೆ ಓಡಿಸುವ ಎಸ್‌ಯುವಿಗೆ ಬೇರೆ ಚಕ್ರ ಹಾಕಿಸಲು ಹೊರಟವರ ಕಣ್ಣು ಮೊದಲು ಬೀಳುವುದು ಟೈರಿನ ಬಟನ್‌ಗಳ, ಅಂದರೆ ನೆಲ ಹಿಡಿಯುವ ರಬ್ಬರಿನ ಉಬ್ಬುಗಳ ಮೇಲೆ. ನನ್ನದೂ ಅಲ್ಲಿಗೇ ಬಿದ್ದಿತ್ತು. ಒಂದೇ ವಾಹನಕ್ಕೆ ಮೂರು ಬಗೆಯ ಚಕ್ರಗಳನ್ನು ಹಾಕಿ, ಪ್ರತಿಯೊಂದನ್ನೂ ವರ್ಷಕ್ಕೆ ಕಡಿಮೆಯಿಲ್ಲದಂತೆ ಓಡಿಸಿದ ಮೇಲೆ, ಮೊದಲು ತೀರ್ಮಾನಿಸಬೇಕಾದದ್ದು ರಿಮ್ಮಿನ ಅಳತೆಯನ್ನು, ಬಟನ್ ವಿಚಾರ ಆಮೇಲಿನದು ಎಂಬ ನಿಲುವಿಗೆ ಬಂದಿದ್ದೇನೆ.

ವಾಹನದೊಂದಿಗೆ ಬಂದದ್ದು 18 ಇಂಚಿನ ಅಲಾಯ್ ರಿಮ್, ಅದಕ್ಕೆ 265/60 ಆರ್18 ಅಳತೆಯ ಎಚ್‌ಟಿ, ಅಂದರೆ ಹೆದ್ದಾರಿಯ ಟೈರು. ಎರಡನೆಯದು 17 ಇಂಚಿನ ಎರಕದ ಅಲಾಯ್, 265/70 ಆರ್17 ಎಂಟಿ, ಅಂದರೆ ಕೆಸರಿನ ಟೈರು. ಮೂರನೆಯದು 16 ಇಂಚಿನ ಸ್ಟೀಲ್ ರಿಮ್, 265/70 ಆರ್16 ಎಟಿ, ಎರಡೂ ಬಗೆಯ ದಾರಿಗೆ ಒಗ್ಗುವ ಟೈರು. ಮೂರರ ಅಗಲವೂ 265 ಮಿ.ಮೀ. ಟೈರಿನ ಪಕ್ಕೆಯ ಎತ್ತರ ಅಗಲದ ಶೇಕಡಾ ಎಷ್ಟು ಎಂಬುದನ್ನು ನಡುವಿನ ಸಂಖ್ಯೆ ತಿಳಿಸುತ್ತದೆ. ಆ ಲೆಕ್ಕದಲ್ಲಿ ಮೊದಲನೆಯದರ ಪಕ್ಕೆ 159 ಮಿ.ಮೀ., ಉಳಿದೆರಡರದು 185.5 ಮಿ.ಮೀ. ಒಟ್ಟು ವ್ಯಾಸ ಕ್ರಮವಾಗಿ 775, 803 ಮತ್ತು 777 ಮಿ.ಮೀ. ಮನೆಯ ತೂಕದ ಯಂತ್ರದ ಮೇಲಿಟ್ಟಾಗ ಟೈರು ಸಮೇತ ಒಂದೊಂದು ಚಕ್ರ ಸುಮಾರು 28, 36 ಮತ್ತು 31 ಕಿಲೋ ತೂಗಿತು.

18 ಇಂಚಿನದಕ್ಕೆ ಟಾರು ರಸ್ತೆಯಲ್ಲಿ ಎದುರಿಲ್ಲ. ಸದ್ದಿಲ್ಲ, ಒದ್ದೆಯಲ್ಲಿ ಬ್ರೇಕು ಚೆನ್ನಾಗಿ ಹಿಡಿಯುತ್ತದೆ. ಆದರೆ ಜಿಗುಟು ಮಣ್ಣಿಗೆ ಇಳಿದರೆ ಚಕ್ರ ಎರಡು ಸುತ್ತು ಸುತ್ತುವಷ್ಟರಲ್ಲಿ ಅದರ ಸಣ್ಣ ಕಾಲುವೆಗಳು ತುಂಬಿಕೊಂಡು ಟೈರು ನುಣ್ಣಗಾಗಿಬಿಡುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಪಕ್ಕೆಯದು. ಮರಳಿನಲ್ಲಿ ಗಾಳಿಯನ್ನು 35 ಪಿಎಸ್‌ಐಯಿಂದ 18ಕ್ಕೆ ಇಳಿಸಿದರೆ ಟೈರು ನೆಲಕ್ಕೆ ತಾಗುವ ಭಾಗ ಉದ್ದವಾಗಿ ಹರಡಿಕೊಳ್ಳುತ್ತದೆ, ಹೂತುಕೊಳ್ಳುವುದು ತಪ್ಪುತ್ತದೆ. ಗಾಳಿ ಇಳಿಸುವುದರ ಲಾಭವೆಲ್ಲ ಪಕ್ಕೆ ಎಷ್ಟು ಬಾಗಬಲ್ಲದು ಎಂಬುದರ ಮೇಲೆ ನಿಂತಿದೆ. ಗಿಡ್ಡ ಪಕ್ಕೆ ಸ್ವಲ್ಪ ಬಾಗುವಷ್ಟರಲ್ಲೇ ರಿಮ್ಮಿನ ಅಂಚು ನೆಲಕ್ಕೆ ಹತ್ತಿರವಾಗುತ್ತದೆ. ನನಗೆ ಆದದ್ದೂ ಅದೇ: ಮರಳು ಮುಗಿದು ಕಲ್ಲಿನ ದಾರಿ ಶುರುವಾದರೂ ಗಾಳಿ ತುಂಬಿಸದೆ ಮುಂದುವರಿದೆ, ಮುಷ್ಟಿಗಾತ್ರದ ಒಂದು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಪಕ್ಕೆ ಎರಡು ಕಡೆ ಸೀಳಿತು. ಪಕ್ಕೆಯ ಸೀಳಿಗೆ ಪಂಕ್ಚರ್ ಹಾಕಲಾಗದು, ಆ ಟೈರು ಅಲ್ಲಿಗೇ ಮುಗಿಯಿತು.

ಆ ಸಿಟ್ಟಿನಲ್ಲಿ ಹಾಕಿಸಿದ್ದು ಎಂಟಿ. ಕೆಸರಿನಲ್ಲಿ ಅದರ ಕೆಲಸ ನೋಡಬೇಕು. ಬಟನ್‌ಗಳ ನಡುವಿನ ತೆರಪು ದೊಡ್ಡದಾದ್ದರಿಂದ ಚಕ್ರ ತಿರುಗಿದಂತೆಲ್ಲ ಮಣ್ಣು ಸಿಡಿದುಹೋಗಿ, ಮುಂದಿನ ಸುತ್ತಿಗೆ ಹೊಸ ಅಂಚು ಸಿಗುತ್ತದೆ. ಬೇರೆ ಟೈರುಗಳಲ್ಲಿ ನಾನು ಇಳಿಯಲೂ ಹಿಂಜರಿಯುತ್ತಿದ್ದ ಹುದಲುಗಳನ್ನು ಅದು ಸಲೀಸಾಗಿ ದಾಟಿಸಿತು. ಇಷ್ಟು ಒಪ್ಪಿಕೊಂಡ ಮೇಲೆ ಉಳಿದದ್ದೆಲ್ಲ ದೂರುಗಳೇ. ಒದ್ದೆ ಟಾರಿನ ಮೇಲೆ ನೆಲಕ್ಕೆ ತಾಗುವ ರಬ್ಬರೇ ಕಡಿಮೆ, ನೀರನ್ನು ಒರೆಸುವ ಸಣ್ಣ ಸೀಳುಗಳೂ ಕಡಿಮೆ, ಹಾಗಾಗಿ ನಿಲ್ಲಿಸಲು ಹೆಚ್ಚು ದೂರ ಬೇಕು. 60 ಕಿ.ಮೀ. ವೇಗ ದಾಟಿದರೆ ಒಳಗೆ ಮಾತನಾಡಲು ದನಿ ಎತ್ತಬೇಕು. ಚಕ್ರದ ತೂಕವನ್ನು ಸ್ಪ್ರಿಂಗ್‌ಗಳು ಹೊರುವುದಿಲ್ಲ, ಆದ್ದರಿಂದ ಉಬ್ಬು ಹತ್ತಿದ ಭಾರದ ಚಕ್ರ ಬೇಗನೆ ಮರಳಿ ನೆಲ ಹಿಡಿಯುವುದಿಲ್ಲ. ಒಂದೊಂದು ಚಕ್ರಕ್ಕೆ 8 ಕಿಲೋ ಹೆಚ್ಚಾದದ್ದು ಅಲೆಅಲೆಯಾದ ಮಣ್ಣುರಸ್ತೆಯಲ್ಲಿ ಚೆನ್ನಾಗಿಯೇ ತಿಳಿಯುತ್ತಿತ್ತು.

ಟೈರಿಗಿಂತ ಹೆಚ್ಚು ಕಾಡಿದ್ದು ಆ ರಿಮ್. ರಿಮ್ಮನ್ನು ವಾಹನಕ್ಕೆ ಬಿಗಿಯುವ ಮುಖ ಅದರ ಅಗಲದ ನಡುಗೆರೆಯಿಂದ ಎಷ್ಟು ಮಿ.ಮೀ. ಹೊರಗಿದೆ ಎಂಬುದೇ ಆಫ್‌ಸೆಟ್. ಮೂಲ ರಿಮ್ಮಿನದು +30, ಇದರದು ಸೊನ್ನೆ. ಅಂದರೆ ಪ್ರತಿ ಚಕ್ರವೂ 30 ಮಿ.ಮೀ. ಹೊರಗೆ ಸರಿಯಿತು. ನೋಟಕ್ಕೆ ಗಂಭೀರವೇ ಸರಿ, ಆದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ಹಿಂದಕ್ಕೆ ತೆಗೆದಾಗಲೆಲ್ಲ ಟೈರು ಮಡ್‌ಗಾರ್ಡಿನ ಒಳಗೆ ಉಜ್ಜುತ್ತಿತ್ತು, ಕಲ್ಲಿಗೆ ತಾಗಿದ ಏಟು ನೇರವಾಗಿ ಕೈಗೆ ಬರುತ್ತಿತ್ತು, ವೀಲ್ ಬೇರಿಂಗ್ ಮೇಲೂ ಒತ್ತಡ ಹೆಚ್ಚುತ್ತದೆ. ಜೊತೆಗೆ ರಿಮ್ಮಿನ ನಡುವಿನ ರಂಧ್ರ ಅದು ಕೂರುವ ಹಬ್‌ಗಿಂತ, ಅಂದರೆ ಆಕ್ಸಲ್ ತುದಿಯ ಗುಂಬಕ್ಕಿಂತ ದೊಡ್ಡದಿದ್ದುದರಿಂದ, ಬಳೆಯಂತಹ ಉಂಗುರವೊಂದನ್ನು ಕೂರಿಸುವ ತನಕ 90ರ ವೇಗದಲ್ಲಿ ನಡುಕ ತಪ್ಪಲಿಲ್ಲ.

ಇಂಧನದ ವಿಷಯದಲ್ಲಿ ಮಾತ್ರ ನಾನು ಆ ಟೈರಿಗೆ ಸ್ವಲ್ಪ ಅನ್ಯಾಯ ಮಾಡಿದ್ದೆ. ವ್ಯಾಸ ಶೇ. 3.6ರಷ್ಟು ಹೆಚ್ಚಿದ್ದರಿಂದ ಮೀಟರು ಮೊದಲು 100 ಕಿ.ಮೀ. ಎಂದು ಎಣಿಸುತ್ತಿದ್ದ ಜಾಗದಲ್ಲಿ ಈಗ ಚಕ್ರ 103.6 ಕಿ.ಮೀ. ಓಡಿರುತ್ತದೆ. ಅದನ್ನು ಸರಿಪಡಿಸಿ ನೋಡಿದರೂ ಖರ್ಚು ಹೆಚ್ಚೇ, ಆದರೆ ನಾನು ಬೈದಷ್ಟಲ್ಲ. ಇಷ್ಟಕ್ಕೆಲ್ಲ ಸಿಕ್ಕ ನೆಲದೆತ್ತರ ವ್ಯಾಸದ ಹೆಚ್ಚಳದ ಅರ್ಧ, ಅಂದರೆ 14 ಮಿ.ಮೀ.

16 ಇಂಚಿನ ಸ್ಟೀಲ್ ರಿಮ್ ನೋಡಲು ಚೆಂದವಿಲ್ಲ, ಎಟಿ ಟೈರು ಯಾವ ಒಂದು ನೆಲದಲ್ಲೂ ಮೊದಲ ಸ್ಥಾನ ಗಳಿಸುವುದಿಲ್ಲ. ಆದರೂ ಈಗ ವಾಹನದಲ್ಲಿ ಇರುವುದು ಅದೇ. ವ್ಯಾಸ ಮೂಲದಷ್ಟೇ ಇದ್ದು ಪಕ್ಕೆ 26 ಮಿ.ಮೀ. ಎತ್ತರವಾಗಿರುವುದರಿಂದ 18 ಪಿಎಸ್‌ಐಯಲ್ಲಿ ನಿಧಾನವಾಗಿ ಬಂಡೆ ಹತ್ತುವಾಗ ಟೈರು ಕಲ್ಲನ್ನು ತಬ್ಬಿಕೊಳ್ಳುವುದು ಕಿಟಕಿಯಿಂದ ಬಗ್ಗಿ ನೋಡಿದರೆ ಕಾಣುತ್ತದೆ. ಒಮ್ಮೆ ಹಳ್ಳ ದಾಟುವಾಗ ರಿಮ್ಮಿನ ಅಂಚು ಕಲ್ಲಿಗೆ ಬಡಿದು ಒಳಕ್ಕೆ ಬಾಗಿ ಗಾಳಿ ಸೋರತೊಡಗಿತು. ಸೋಪಿನ ನೀರು ಹಾಕಿದರೆ ಹೆಬ್ಬೆರಳಿನಷ್ಟು ಉದ್ದಕ್ಕೆ ಗುಳ್ಳೆ ಏಳುತ್ತಿತ್ತು. ಚಕ್ರ ಬಿಚ್ಚಿ, ಟೈರಿನ ಅಂಚನ್ನು ಒಳಕ್ಕೆ ತುಳಿದು, ಮರದ ತುಂಡು ಆನಿಸಿ ಸುತ್ತಿಗೆಯಿಂದ ಬಡಿದು ನೇರ ಮಾಡಿದೆ. ಗಾಳಿ ತುಂಬಿಸಿದಾಗ ಗುಳ್ಳೆ ನಿಂತಿತು. ಎರಕದ ಅಲಾಯ್ ಅಂಥ ಏಟಿಗೆ ಬಿರುಕು ಬಿಡುವುದೇ ಹೆಚ್ಚು, ಬಿರುಕಿಗೆ ಸುತ್ತಿಗೆ ಮದ್ದಲ್ಲ.

16 ಇಂಚು ಎಲ್ಲ ವಾಹನಕ್ಕೂ ಹಿಡಿಸುವುದಿಲ್ಲ. ಬ್ರೇಕಿನ ತಟ್ಟೆಯನ್ನು ಅದುಮಿ ಹಿಡಿಯುವ ಕ್ಯಾಲಿಪರ್ ದೊಡ್ಡದಿದ್ದರೆ ರಿಮ್ಮಿನ ಒಳಮೈಗೆ ತಾಗುತ್ತದೆ. ಟೈರು ಹಾಕಿಸುವ ಮೊದಲೇ ಬರಿಯ ರಿಮ್ ಕೂರಿಸಿ ಕೈಯಿಂದ ಒಂದು ಸುತ್ತು ತಿರುಗಿಸಿ ನೋಡುವುದು ಒಳ್ಳೆಯದು, ಬ್ಯಾಲೆನ್ಸಿಂಗಿನ ಸೀಸ ಅಂಟಿಸುವ ಜಾಗವನ್ನೂ ಲೆಕ್ಕಕ್ಕೆ ತೆಗೆದುಕೊಂಡು. ಟೈರಿನ ಮೇಲಿನ ಲೋಡ್ ಇಂಡೆಕ್ಸ್ ಮೂಲ ಟೈರಿನದಕ್ಕಿಂತ ಕಡಿಮೆ ಇರಕೂಡದು: 110 ಎಂದಿದ್ದರೆ ಒಂದು ಟೈರು 1060 ಕಿಲೋ ಹೊರುತ್ತದೆ, 112 ಎಂದಿದ್ದರೆ 1120. ಚಕ್ರ ಬದಲಿಸಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ ನಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಬೇಕು.

ವ್ಯಾಸದಲ್ಲಿ 2 ಮಿ.ಮೀ. ಮಾತ್ರ ಅಂತರವಿರುವುದರಿಂದ ಹಳೆಯ 18 ಇಂಚಿನ ಚಕ್ರವೊಂದನ್ನು ಸ್ಟೆಪ್ನಿಯಾಗಿ ಉಳಿಸಿಕೊಂಡಿದ್ದೇನೆ. ಆದರೆ ಮೂಲ ಅಲಾಯ್‌ಗೆ ಚಪ್ಪಟೆ ವಾಷರಿನ ನಟ್ ಬೇಕು, ಸ್ಟೀಲಿಗೆ ಶಂಕುವಿನಾಕಾರದ್ದು, ಒಂದರ ನಟ್ ಇನ್ನೊಂದರಲ್ಲಿ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಜಾಕಿಯ ಪಕ್ಕದಲ್ಲಿ, ಬಟ್ಟೆಯಲ್ಲಿ ಕಟ್ಟಿದ ಆರು ಹಳೆಯ ನಟ್‌ಗಳೂ ನನ್ನ ಜೊತೆ ಓಡಾಡುತ್ತಿವೆ.